ಬಂದು ನಿಂತ ರಕ್ತ: ಕಿಡ್ನಿ ಕ್ಯಾನ್ಸರ್‌ನಲ್ಲಿ ಆಯಸ್ಸು ಯಾವುದರ ಮೇಲೆ ನಿಂತಿದೆ?

2023ರ ಆಗಸ್ಟ್. ಮೂಡಿಗೆರೆ ಕಡೆ ಮಳೆ ಬಿಡದೆ ಹೊಯ್ಯುತ್ತಿತ್ತು. ಒಂದು ಬೆಳಿಗ್ಗೆ ಚಿಕ್ಕಪ್ಪ ಬಚ್ಚಲಿಂದ ಹೊರಗೆ ಬಂದು, "ಮೂತ್ರ ಕೆಂಪಗೆ ಹೋಯ್ತು ಕಣೇ" ಎಂದರು. ನೋವಿಲ್ಲ, ಉರಿಯಿಲ್ಲ, ಜ್ವರವಿಲ್ಲ. ಬಣ್ಣ ಮಾತ್ರ ಬೀಟ್‌ರೂಟ್ ಬೇಯಿಸಿದ ನೀರಿನ ಹಾಗೆ. ಚಿಕ್ಕಮ್ಮ "ಉಷ್ಣ ಆಗಿರ್ಬೇಕು" ಎಂದು ಬಾರ್ಲಿ ಬೇಯಿಸಿಟ್ಟರು. ಮಧ್ಯಾಹ್ನ ಬಾಳೆದಿಂಡಿನ ರಸ ಆಯಿತು. ಕಲ್ಲಿರಬಹುದು ಎಂದು ಪಕ್ಕದ ತೋಟದವರು ಕಾಡುಬಸಳೆ ಎಲೆ ಕೊಯ್ದು ತಂದುಕೊಟ್ಟರು. ಮೂರನೇ ದಿನಕ್ಕೆ ಮೂತ್ರ ತಿಳಿಯಾಯಿತು. ಎಲ್ಲರೂ ಮರೆತರು.

ಮತ್ತೆ ರಕ್ತ ಕಂಡದ್ದು 2024ರ ಜನವರಿಯಲ್ಲಿ, ರೊಬಸ್ಟಾ ಕಾಫಿ ಕೊಯ್ಲು ಶುರುವಾದ ಮೇಲೆ. ಈ ಸಲ ಹೆಪ್ಪುಗಟ್ಟಿದ ತುಣುಕುಗಳೂ ಬಂದವು. ಎಡ ಪಕ್ಕೆಯಲ್ಲಿ ನೋವು. ಮೊದಲು ತೋರಿಸಿದ ಕಡೆ ಸೋಂಕು ಎಂದು ಒಂದು ವಾರದ ಮಾತ್ರೆ ಕೊಟ್ಟರು. ಕಡಿಮೆಯಾಗಲಿಲ್ಲ. ಹಾಸನಕ್ಕೆ ಕರೆದುಕೊಂಡು ಹೋಗಿ ಹೊಟ್ಟೆ ಸ್ಕ್ಯಾನ್ ಮಾಡಿಸಿದೆವು. ಡಾಕ್ಟರು ಎಡಗಡೆ ಒಂದೇ ಜಾಗದಲ್ಲಿ ಒತ್ತಿ ಹಿಡಿದು, ಪರದೆ ಮೇಲೆ ಒಂದು ಚುಕ್ಕಿಯಿಂದ ಇನ್ನೊಂದು ಚುಕ್ಕಿಗೆ ಗೆರೆ ಎಳೆದು ಅಳತೆ ತೆಗೆಯುತ್ತಲೇ ಇದ್ದರು. ಮಾತಾಡುತ್ತಿರಲಿಲ್ಲ. ಆಗಲೇ ನನಗೆ ಹೆದರಿಕೆ ಆಯಿತು. ಕಿಡ್ನಿಯಲ್ಲಿ 8 ಸೆಂಟಿಮೀಟರ್ ಗಡ್ಡೆ.

ಅಲ್ಲಿಂದ ಇಲ್ಲಿಯವರೆಗೆ ನಮ್ಮ ಮನೆಯಲ್ಲಿ ಎಲ್ಲರ ಮನಸ್ಸಲ್ಲಿ ಇರುವ ಪ್ರಶ್ನೆ ಒಂದೇ. ಎಷ್ಟು ವರ್ಷ? ಇದೇ ಪ್ರಶ್ನೆ ಹಿಡಿದುಕೊಂಡು ಹಾಸನ, ಚಿಕ್ಕಮಗಳೂರಿನ ಎಷ್ಟೋ ಮನೆಯವರು ಬೆಂಗಳೂರು, ಮೈಸೂರು, ಮಂಗಳೂರಿಗೆ ಓಡಾಡುತ್ತಿದ್ದಾರೆ. ಉತ್ತರ ಯಾವುದರ ಮೇಲೆ ನಿಂತಿದೆ ಎಂದು ಗೊತ್ತಾದರೆ ಡಾಕ್ಟರ ಹತ್ತಿರ ಏನು ಕೇಳಬೇಕು ಎನ್ನುವುದಾದರೂ ಗೊತ್ತಾಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆ ರಕ್ತದ ವಿಷಯ ಹೇಳಿಬಿಡುತ್ತೇನೆ. ಕಿಡ್ನಿಯ ಗಡ್ಡೆಯಿಂದ ಬರುವ ರಕ್ತ ತಾನಾಗಿ ಬಂದು ತಾನಾಗಿ ನಿಲ್ಲುತ್ತದೆ. ಮತ್ತೆ ವಾರಗಟ್ಟಲೆ, ತಿಂಗಳುಗಟ್ಟಲೆ ಕಾಣದೇ ಇರಬಹುದು. ನಿಂತಾಗ ಹೆಸರು ಬರುವುದು ಬಾರ್ಲಿಗೆ, ಎಳನೀರಿಗೆ, ಕಾಡುಬಸಳೆಗೆ. ಯಾವುದೂ ಕೊಡದಿದ್ದರೂ ಅದು ನಿಲ್ಲುತ್ತಿತ್ತು! ಕಲ್ಲಿದ್ದರೆ ಸಾಮಾನ್ಯವಾಗಿ ಜೀವ ಹೋಗುವಂಥ ನೋವು ಇರುತ್ತದೆ. ನೋವೇ ಇಲ್ಲದೆ ಬರುವ ರಕ್ತವನ್ನು ಡಾಕ್ಟರುಗಳು ಜಾಸ್ತಿ ಅನುಮಾನದಿಂದ ನೋಡುತ್ತಾರೆ. ಬ್ರಿಟನ್ನಿನ ಮಾರ್ಗಸೂಚಿ ಪ್ರಕಾರ 45 ದಾಟಿದವರಿಗೆ ಸೋಂಕಿಲ್ಲದೆ ಕಣ್ಣಿಗೆ ಕಾಣುವಷ್ಟು ರಕ್ತ ಮೂತ್ರದಲ್ಲಿ ಹೋದರೆ, ಒಂದೇ ಸಲ ಹೋದರೂ, ತಡಮಾಡದೆ ತಜ್ಞರ ಹತ್ತಿರ ಕಳಿಸಬೇಕು. ರಕ್ತ ತೆಳುವಾಗಲು ಮಾತ್ರೆ ತಗೊಳ್ಳುವವರೂ "ಅದರಿಂದಲೇ ಇರಬೇಕು" ಎಂದು ಬಿಡುವ ಹಾಗಿಲ್ಲ. ಮಾತ್ರೆ ರಕ್ತವನ್ನು ತೆಳು ಮಾಡುತ್ತದೆ ಅಷ್ಟೆ. ರಕ್ತ ಎಲ್ಲಿಂದ ಬಂತು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಆಗಸ್ಟ್‌ನಲ್ಲೇ ಸ್ಕ್ಯಾನ್ ಮಾಡಿಸಿದ್ದರೆ ಗಡ್ಡೆ ಚಿಕ್ಕದಿರುತ್ತಿತ್ತೇ? ಚಿಕ್ಕಮ್ಮ ಈಗಲೂ ಕೇಳುತ್ತಾರೆ. ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಬಹಳ ವ್ಯತ್ಯಾಸ ಇರುತ್ತಿರಲಿಲ್ಲವೇನೋ. ಕಿಡ್ನಿಯ ಚಿಕ್ಕ ಗಡ್ಡೆಗಳು ಸರಾಸರಿ ವರ್ಷಕ್ಕೆ 3 ಮಿಲಿಮೀಟರ್‌ನಷ್ಟೇ ಬೆಳೆಯುತ್ತವೆ. ದೊಡ್ಡವು ಇನ್ನಷ್ಟು ಬೇಗ ಬೆಳೆಯಬಹುದು. ಆದರೆ 8 ಸೆಂಟಿಮೀಟರ್ ಐದು ತಿಂಗಳಲ್ಲಿ ಆದದ್ದಲ್ಲ, ಎಷ್ಟೋ ವರ್ಷ ಅಲ್ಲೇ ಇತ್ತು. ರಕ್ತ ಕಾಣಿಸುವಷ್ಟರಲ್ಲಿ ಅದು ದೊಡ್ಡದಾಗಿಯೇ ಇತ್ತು. ಹಾಗೆಂದು ಐದು ತಿಂಗಳು ಲೆಕ್ಕಕ್ಕಿಲ್ಲ ಅಂತಲ್ಲ. ಗಡ್ಡೆ ಕಿಡ್ನಿಯ ಗೋಡೆ ದಾಟುವುದೋ, ರಕ್ತನಾಳಕ್ಕೆ ಇಳಿಯುವುದೋ ಇಂಥ ತಿಂಗಳುಗಳಲ್ಲೇ ಆಗಬಹುದು. ಆದರೆ ಬಾರ್ಲಿ ಬೇಯಿಸಿಕೊಟ್ಟವರ ತಲೆ ಮೇಲೆ ಅದನ್ನು ಹೊರಿಸಬಾರದು.

ಈಗ ಆಯಸ್ಸಿನ ಲೆಕ್ಕಕ್ಕೆ ಬರೋಣ. ಎಲ್ಲಕ್ಕಿಂತ ಹೆಚ್ಚು ತೂಗುವುದು ಸ್ಟೇಜ್. ಗಡ್ಡೆ 7 ಸೆಂಟಿಮೀಟರ್ ಒಳಗಿದ್ದು ಕಿಡ್ನಿಯಲ್ಲೇ ಇದ್ದರೆ ಮೊದಲ ಹಂತ. 7 ದಾಟಿದ್ದರೂ ಕಿಡ್ನಿಯೊಳಗೇ ಇದ್ದರೆ ಎರಡನೆಯದು. ಕಿಡ್ನಿಯ ರಕ್ತನಾಳಕ್ಕೋ, ಒಳಗಿನ ಅಥವಾ ಸುತ್ತಲಿನ ಕೊಬ್ಬಿಗೋ, ಹತ್ತಿರದ ಲಿಂಫ್ ಗಂಟಿಗೋ ಹೋಗಿದ್ದರೆ ಮೂರು. ಕಿಡ್ನಿಯ ಸುತ್ತಲಿನ ಪೊರೆಯನ್ನೇ ದಾಟಿದ್ದರೆ, ಅಥವಾ ಶ್ವಾಸಕೋಶ, ಮೂಳೆ, ಲಿವರ್, ಮಿದುಳಿನಂಥ ದೂರದ ಜಾಗ ಸೇರಿದ್ದರೆ ನಾಲ್ಕು. ಅಮೆರಿಕದ ದಾಖಲೆಗಳ ಪ್ರಕಾರ ಕಿಡ್ನಿಯೊಳಗೇ ಸಿಕ್ಕಿಬಿದ್ದಾಗ 5 ವರ್ಷ ದಾಟುವವರು ನೂರಕ್ಕೆ ಸುಮಾರು 93. ಅಕ್ಕಪಕ್ಕ ಹರಡಿದ್ದರೆ 75ರ ಆಸುಪಾಸು. ದೂರ ಹೋಗಿದ್ದರೆ 18ರ ಸುತ್ತಮುತ್ತ. ಇದು ಅದೇ ವಯಸ್ಸಿನ ಉಳಿದ ಜನರ ಜೊತೆ ಹೋಲಿಸಿ ತೆಗೆದ ಲೆಕ್ಕ. ಅದೂ ಕೆಲವು ವರ್ಷಗಳ ಹಿಂದೆ ಕಾಯಿಲೆ ಪತ್ತೆಯಾದವರದ್ದು. ಇವತ್ತು ಚಿಕಿತ್ಸೆ ಶುರು ಮಾಡುವವರಿಗೆ ಸಿಗುವ ಕೆಲವು ಔಷಧಿಗಳು ಅವರಲ್ಲಿ ಬಹಳ ಜನಕ್ಕೆ ಸಿಕ್ಕಿರಲಿಲ್ಲ. "5 ವರ್ಷ" ಎನ್ನುವ ಮಾತು ಕೇಳಿ ನಮ್ಮ ಮನೆಯಲ್ಲಿ ಒಬ್ಬರು ಅತ್ತೇಬಿಟ್ಟರು, ಅಷ್ಟೇ ಆಯಸ್ಸು ಅಂದುಕೊಂಡು. 5 ವರ್ಷ ಎಂದರೆ ಗಡುವಲ್ಲ, ಲೆಕ್ಕ ಹಾಕಲು ಇಟ್ಟುಕೊಂಡ ಒಂದು ಗೆರೆ.

ಚಿಕ್ಕ ಗಡ್ಡೆ ಸಿಗುವುದು ಹೆಚ್ಚಾಗಿ ಬೇರೆ ಕಾರಣಕ್ಕೆ ಮಾಡಿಸಿದ ಸ್ಕ್ಯಾನ್‌ನಲ್ಲಿ. ಹಾಸನದಲ್ಲಿ ನಮ್ಮ ಪರಿಚಯದ ಅಕ್ಕ ಒಬ್ಬರು ಪಿತ್ತಕೋಶದ ಕಲ್ಲಿಗೆಂದು ಸ್ಕ್ಯಾನ್ ಮಾಡಿಸಿದರು. ಕಿಡ್ನಿಯಲ್ಲಿ ನಿಂಬೆಹಣ್ಣಿಗಿಂತ ಚಿಕ್ಕ ಗಡ್ಡೆ ಕಂಡಿತು. ಅಷ್ಟು ಭಾಗ ಮಾತ್ರ ತೆಗೆದರು, ಕಿಡ್ನಿ ಉಳಿಯಿತು. ಮೂತ್ರದಲ್ಲಿ ರಕ್ತ, ಪಕ್ಕೆ ನೋವು, ಕೈಗೆ ಸಿಗುವ ಗಡ್ಡೆ, ಈ ಮೂರೂ ಒಟ್ಟಿಗೆ ಇರುವುದು ಕಿಡ್ನಿ ಕ್ಯಾನ್ಸರ್‌ನ ಗುರುತು ಎಂದು ಹಿಂದೆ ಹೇಳುತ್ತಿದ್ದರು. ಈಗ ಹಾಗೆ ಮೂರನ್ನೂ ಹೊತ್ತು ಬರುವವರು ನೂರಕ್ಕೆ ಹತ್ತಕ್ಕಿಂತ ಕಡಿಮೆ.

ಹಾಗಾದರೆ ಎಲ್ಲರೂ ಸ್ಕ್ಯಾನ್ ಮಾಡಿಸಿಕೊಳ್ಳಬೇಕೇ? 2025ರ ಜೂನ್, ಜುಲೈನಲ್ಲಿ ಹಾಸನದ ಹೃದಯಾಘಾತದ ಸಾವುಗಳು ಸುದ್ದಿಯಾದಾಗ ಏನಾಯಿತು ಎಂದು ನಾವೆಲ್ಲ ನೋಡಿದ್ದೇವೆ. ಆರೋಗ್ಯವಾಗಿದ್ದವರೂ ಹೆದರಿ ಆಸ್ಪತ್ರೆಗಳ ಮುಂದೆ ಸಾಲು ನಿಂತರು. ಕಿಡ್ನಿ ವಿಷಯದಲ್ಲಿ ಅಂಥ ಗಾಬರಿ ಬೇಡ. ಲಕ್ಷಣವಿಲ್ಲದ ಎಲ್ಲರಿಗೂ ತಪಾಸಣೆ ಮಾಡಿ ಎಂದು ವೈದ್ಯಕೀಯ ಮಾರ್ಗಸೂಚಿಗಳು ಹೇಳುವುದಿಲ್ಲ. 4 ಸೆಂಟಿಮೀಟರ್ ಒಳಗಿನ ಗಡ್ಡೆಗಳಲ್ಲಿ ಐದರಲ್ಲಿ ಒಂದು ಕ್ಯಾನ್ಸರೇ ಅಲ್ಲ. ತುಂಬಾ ವಯಸ್ಸಾದವರಲ್ಲಿ ಚಿಕ್ಕ ಗಡ್ಡೆ ಸಿಕ್ಕರೆ ಕತ್ತರಿ ಹಾಕದೆ ಸ್ಕ್ಯಾನ್ ಮಾಡುತ್ತಾ ಕಾಯುವುದೂ ಒಂದು ಒಳ್ಳೆಯ ಚಿಕಿತ್ಸೆಯೇ. ಆದರೆ ಮನೆತನದಲ್ಲಿ ಇಬ್ಬರು ಮೂವರಿಗೆ ಕಿಡ್ನಿ ಕ್ಯಾನ್ಸರ್ ಬಂದಿದ್ದರೆ, ಅಥವಾ ತುಂಬಾ ವರ್ಷದಿಂದ ಡಯಾಲಿಸಿಸ್‌ನಲ್ಲಿ ಇದ್ದರೆ, ಡಾಕ್ಟರ ಹತ್ತಿರ ಈ ಮಾತು ಎತ್ತಲೇಬೇಕು.

ಚಿಕ್ಕಪ್ಪನಿಗೆ ಫೆಬ್ರವರಿಯಲ್ಲಿ ಆಪರೇಷನ್ ಆಯಿತು. ಎಡ ಕಿಡ್ನಿ ಪೂರ್ತಿ ತೆಗೆದರು. ಹತ್ತು ದಿನ ಬಿಟ್ಟು ಪೆಥಾಲಜಿ ರಿಪೋರ್ಟ್ ಬಂತು. ಬಹಳ ಮನೆಗಳಲ್ಲಿ ಈ ಹಾಳೆ ಡಿಸ್ಚಾರ್ಜ್ ಸಮ್ಮರಿ ಜೊತೆ ಪ್ಲಾಸ್ಟಿಕ್ ಕವರಿನೊಳಗೆ ಸೇರಿ ಬೀರು ಮೇಲೆ ಹೋಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಮುಂದಿನ ವರ್ಷಗಳ ಅರ್ಧ ಕತೆ ಅದರಲ್ಲೇ ಇದೆ.

ನಮ್ಮ ರಿಪೋರ್ಟ್‌ನಲ್ಲಿ ಹೀಗಿತ್ತು: ಕ್ಲಿಯರ್ ಸೆಲ್, ಗ್ರೇಡ್ 3, ಕಿಡ್ನಿಯ ಒಳಗಿನ ಕೊಬ್ಬಿಗೆ ಹರಡಿದೆ, ಪಿಟಿ3ಎ (ಅಂದರೆ ಮೂರನೇ ಹಂತ). ಸಿಟಿ ಸ್ಕ್ಯಾನ್ ನೋಡಿ ಎರಡನೇ ಹಂತ ಅಂದುಕೊಂಡಿದ್ದೆವು. ಸೂಕ್ಷ್ಮದರ್ಶಕದ ಕೆಳಗೆ ಅದು ಮೂರನೆಯದಾಯಿತು. ಈ ಕಾಯಿಲೆಯಲ್ಲಿ ಹೀಗಾಗುವುದು ಅಪರೂಪವಲ್ಲ.

ಒಂದೊಂದೇ ಬಿಡಿಸಿ ನೋಡೋಣ. ಕ್ಲಿಯರ್ ಸೆಲ್ ಎನ್ನುವುದು ಜಾತಿ. ಕಿಡ್ನಿ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಇದೇ. ಉಳಿದವುಗಳಲ್ಲಿ ಪ್ಯಾಪಿಲರಿ, ಕ್ರೋಮೋಫೋಬ್ ಮುಖ್ಯ. ಕ್ರೋಮೋಫೋಬ್ ಸಾಮಾನ್ಯವಾಗಿ ಸೌಮ್ಯ. ಅಪರೂಪದ ಕೆಲವು, ಕಲೆಕ್ಟಿಂಗ್ ಡಕ್ಟ್ ಎಂಬ ಜಾತಿಯಂಥವು, ಬಹಳ ಕೆಟ್ಟವು. ಗ್ರೇಡ್ ಎಂದರೆ ಜೀವಕೋಶದ ಗುಣ. 1ರಿಂದ 4ರವರೆಗೆ. ಸ್ಟೇಜ್ ಬೇರೆ, ಗ್ರೇಡ್ ಬೇರೆ. ಇವೆರಡನ್ನೂ ಒಂದೇ ಅಂದುಕೊಂಡು "ಮೂರನೇ ಸ್ಟೇಜಂತೆ" ಎಂದು ಊರೆಲ್ಲ ಸುದ್ದಿ ಮಾಡುವುದನ್ನು ಕೇಳಿದ್ದೇನೆ. ಸ್ಟೇಜ್ ಗಡ್ಡೆ ಎಲ್ಲಿಯವರೆಗೆ ಹೋಗಿದೆ ಎಂದು ಹೇಳುತ್ತದೆ. ಗ್ರೇಡ್ ಅದು ಎಷ್ಟು ಒರಟು ಎಂದು ಹೇಳುತ್ತದೆ. ರಿಪೋರ್ಟ್‌ನಲ್ಲಿ ಸಾರ್ಕೊಮಟಾಯ್ಡ್ ಎಂಬ ಪದ ಇದೆಯೇ, ಗಡ್ಡೆಯೊಳಗೆ ಸತ್ತ ಭಾಗ ಅಂದರೆ ನೆಕ್ರೋಸಿಸ್ ಇದೆಯೇ, ಕತ್ತರಿಸಿದ ಅಂಚು ಸ್ವಚ್ಛವಾಗಿದೆಯೇ ಎಂದೂ ಕೇಳಿ. ಮೊದಲೆರಡು ಇದ್ದರೆ ಮರಳಿ ಬರುವ ಸಾಧ್ಯತೆ ಜಾಸ್ತಿ. ಸ್ಕ್ಯಾನ್ ಎಷ್ಟು ದಿನಕ್ಕೊಮ್ಮೆ ಬೇಕು ಎನ್ನುವುದು ಅದರ ಮೇಲೂ ನಿಲ್ಲುತ್ತದೆ.

"ಗಡ್ಡೆ ದೊಡ್ಡ ರಕ್ತನಾಳಕ್ಕೆ ಇಳಿದಿದೆ" ಎಂದ ಕೂಡಲೇ ಕೆಲವರು ಕೈಚೆಲ್ಲಿ ಊರಿಗೆ ವಾಪಸ್ ಬರುತ್ತಾರೆ. ಇದು ನನ್ನನ್ನು ತುಂಬಾ ನೋಯಿಸುವ ವಿಷಯ. ಕಿಡ್ನಿ ಕ್ಯಾನ್ಸರ್‌ಗೆ ರಕ್ತನಾಳದೊಳಗೆ ಬಳ್ಳಿಯ ಹಾಗೆ ಹಬ್ಬುವ ಗುಣ ಇದೆ. ಕೆಲವು ಸಲ ಹೃದಯದ ಬಾಗಿಲವರೆಗೂ ಹೋಗುತ್ತದೆ. ಆದರೂ ದೂರದ ಅಂಗಗಳಿಗೆ ಹರಡಿಲ್ಲದಿದ್ದರೆ, ಅನುಭವಿ ತಂಡ ಅದನ್ನು ಬಿಡಿಸಿ ತೆಗೆಯಬಲ್ಲದು. ಹಾಗೆ ತೆಗೆಸಿಕೊಂಡವರಲ್ಲಿ ಅರ್ಧದಷ್ಟು ಜನ 5 ವರ್ಷ ದಾಟುತ್ತಾರೆ. ಇಂಥ ದೊಡ್ಡ ಆಪರೇಷನ್ ಮಾತ್ರ ಅದನ್ನು ಮೇಲಿಂದ ಮೇಲೆ ಮಾಡುವ ಕಡೆಯೇ ಆಗಬೇಕು. ಚಿಕ್ಕಮಗಳೂರಿಂದ ಬೆಂಗಳೂರು 245 ಕಿಲೋಮೀಟರ್ ದೂರವಾದರೂ ಸರಿ, ಹೋಗುವುದು ಒಳ್ಳೆಯದು. ಕಿದ್ವಾಯಿ ಸಂಸ್ಥೆ, ವಿಕ್ಟೋರಿಯಾ ಆಸ್ಪತ್ರೆ ಆವರಣದ ನೆಫ್ರೋ ಯುರಾಲಜಿ ಸಂಸ್ಥೆ ಎರಡೂ ಸರ್ಕಾರದ ಕಡೆಯವೇ.

ಉಳಿದ ಕಿಡ್ನಿಯ ಮಾತು ಯಾರೂ ಸಾಕಷ್ಟು ಆಡುವುದಿಲ್ಲ. ಒಂದು ಕಿಡ್ನಿಯಲ್ಲಿ ಆರಾಮಾಗಿ ಬದುಕಬಹುದು, ಆ ಒಂದು ಚೆನ್ನಾಗಿದ್ದರೆ. ಮೊದಲ ಹಂತದಲ್ಲಿ ಸಿಕ್ಕವರು ಬಹಳಷ್ಟು ಜನ ಕ್ಯಾನ್ಸರ್‌ನಿಂದ ಸಾಯುವುದಿಲ್ಲ. ಅವರ ಮುಂದಿನ ವರ್ಷಗಳನ್ನು ತೀರ್ಮಾನಿಸುವುದು ಬಿಪಿ, ಶುಗರ್, ಹೃದಯ, ಉಳಿದ ಕಿಡ್ನಿ. ಅದಕ್ಕೇ ಚಿಕ್ಕ ಗಡ್ಡೆಗೆ ಕಿಡ್ನಿ ಉಳಿಸುವ ಆಪರೇಷನ್ ಆಗುತ್ತದೆಯೇ ಎಂದು ಕೇಳಬೇಕು. ಅದರಿಂದ ಆಯಸ್ಸೇ ಜಾಸ್ತಿಯಾಗುತ್ತದೆ ಎಂಬುದರಲ್ಲಿ ತಜ್ಞರಿಗೆ ಒಮ್ಮತ ಇಲ್ಲ. ಕಿಡ್ನಿಯ ಶಕ್ತಿ ಹೆಚ್ಚು ಉಳಿಯುತ್ತದೆ ಎಂಬುದರಲ್ಲಿ ಅನುಮಾನ ಇಲ್ಲ.

ತೋಟದ ಕೆಲಸದವರಿಗೆ ಒಂದು ಮಾತು. ಮೈಕೈ ನೋವಿಗೆಂದು ಮೆಡಿಕಲ್ ಶಾಪಿನಿಂದ ಚೀಟಿ ಇಲ್ಲದೆ ತರುವ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಒಂಟಿ ಕಿಡ್ನಿಗೆ ಶತ್ರು. ಚಿಕ್ಕಪ್ಪ ಕೊಯ್ಲಿನ ಕಾಲದಲ್ಲಿ ದಿನಾ ಸಂಜೆ ಒಂದು ನುಂಗುತ್ತಿದ್ದರು, ವರ್ಷಗಟ್ಟಲೆ. ಈಗ ಬಿಟ್ಟಿದ್ದಾರೆ. ಬೀಡಿಯನ್ನೂ ಬಿಟ್ಟಿದ್ದಾರೆ, ಅದು ಇನ್ನೂ ಕಷ್ಟ ಆಯಿತು. ಬೀಡಿ ಸಿಗರೇಟು, ಬೊಜ್ಜು, ಬಿಪಿ, ಇವು ಕಿಡ್ನಿ ಕ್ಯಾನ್ಸರ್ ಬರುವ ಸಾಧ್ಯತೆಯನ್ನೂ ಹೆಚ್ಚಿಸುತ್ತವೆ.

ನಾಲ್ಕನೇ ಹಂತದಲ್ಲಿ ಲೆಕ್ಕ ಬೇರೆಯೇ. ಅಲ್ಲಿ ಡಾಕ್ಟರು ಆರು ವಿಷಯ ನೋಡುತ್ತಾರೆ. ಕಾಯಿಲೆ ಪತ್ತೆಯಾಗಿ ವರ್ಷದೊಳಗೇ ಔಷಧಿ ಬೇಕಾಯಿತೇ. ರೋಗಿ ತನ್ನ ಕೆಲಸ ತಾನು ಮಾಡಿಕೊಳ್ಳುವಷ್ಟು ಗಟ್ಟಿ ಇದ್ದಾರೆಯೇ. ಹಿಮೋಗ್ಲೋಬಿನ್ ಕಡಿಮೆ ಇದೆಯೇ. ಕ್ಯಾಲ್ಸಿಯಂ ಜಾಸ್ತಿ ಇದೆಯೇ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಜಾಸ್ತಿಯೇ. ಪ್ಲೇಟ್‌ಲೆಟ್ ಜಾಸ್ತಿಯೇ. ಕೆಟ್ಟ ಉತ್ತರ ಒಂದೂ ಇಲ್ಲದಿದ್ದರೆ ಒಳ್ಳೆಯ ಗುಂಪು. ಒಂದೆರಡಿದ್ದರೆ ನಡುವಿನದು. ಮೂರೋ ಹೆಚ್ಚೋ ಇದ್ದರೆ ಕಷ್ಟದ ಗುಂಪು. 2013ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಈ ಮೂರು ಗುಂಪುಗಳ ನಡುಮಧ್ಯದ ಆಯಸ್ಸು ಸುಮಾರು 43, 22, 8 ತಿಂಗಳು ಇತ್ತು. ಗುಂಪಿನ ಅರ್ಧ ಜನ ಅದಕ್ಕಿಂತ ಜಾಸ್ತಿ ಬದುಕಿದರು ಎಂದು ಇದರ ಅರ್ಥ. ಗಮನಿಸಿ, ಆರರಲ್ಲಿ ನಾಲ್ಕು ತಾಲ್ಲೂಕು ಆಸ್ಪತ್ರೆಯ ಲ್ಯಾಬಿನಲ್ಲೂ ಆಗುವಂಥ ಸಾಮಾನ್ಯ ರಕ್ತಪರೀಕ್ಷೆಗಳು.

ಔಷಧಿ ಬಗ್ಗೆ ಹೇಳುವಾಗ ಈ ಗಡ್ಡೆಯ ಸ್ವಭಾವ ತಿಳಿದರೆ ಒಳ್ಳೆಯದು. ಕ್ಲಿಯರ್ ಸೆಲ್ ಗಡ್ಡೆಗಳಲ್ಲಿ ಹೆಚ್ಚಿನವುಗಳಲ್ಲಿ ವಿಎಚ್ಎಲ್ ಎಂಬ ಜೀನ್ ಕೆಟ್ಟಿರುತ್ತದೆ. ಆಗ ಜೀವಕೋಶಕ್ಕೆ ಆಮ್ಲಜನಕ ಇದ್ದರೂ ಇಲ್ಲವೆಂದೇ ಅನಿಸುತ್ತದೆ. ಇನ್ನಷ್ಟು ರಕ್ತ ಬೇಕೆಂದು ಸುತ್ತ ರಕ್ತನಾಳ ಬೆಳೆಸಿಕೊಳ್ಳುತ್ತಾ ಹೋಗುತ್ತದೆ. ಆ ಆಮ್ಲಜನಕದ ಗುಟ್ಟು ಬಿಡಿಸಿದ ಮೂವರಿಗೆ 2019ರಲ್ಲಿ ನೊಬೆಲ್ ಬಂತು. ಗಡ್ಡೆಯ ತುಂಬಾ ರಕ್ತನಾಳ ಇರುವುದು ಇದರಿಂದಲೇ. ಸುನಿಟಿನಿಬ್, ಪಜೋಪನಿಬ್‌ನಂಥ ಮಾತ್ರೆಗಳು ಆ ರಕ್ತನಾಳಗಳನ್ನೇ ಹಿಡಿಯುವುದೂ ಇದರಿಂದಲೇ. ಸುನಿಟಿನಿಬ್ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು 2006ರಲ್ಲಿ. ಆಮೇಲೆ ದೇಹದ ರಕ್ಷಣಾ ಪಡೆಯನ್ನು ಎಬ್ಬಿಸುವ ಇಮ್ಯುನೊಥೆರಪಿ ಇಂಜೆಕ್ಷನ್‌ಗಳು ಬಂದವು. ನಡುವಿನ ಮತ್ತು ಕಷ್ಟದ ಗುಂಪಿನವರಿಗೆ ಎರಡು ಇಂಜೆಕ್ಷನ್, ನಿವೊಲುಮ್ಯಾಬ್ ಮತ್ತು ಇಪಿಲಿಮುಮ್ಯಾಬ್, ಸೇರಿಸಿ ಕೊಟ್ಟಾಗ ನಡುಮಧ್ಯದ ಆಯಸ್ಸು ಸುಮಾರು 47 ತಿಂಗಳಿಗೆ ಹೋಯಿತು. ಸುನಿಟಿನಿಬ್ ತೆಗೆದುಕೊಂಡವರಲ್ಲಿ ಅದು 26 ಇತ್ತು. ಸಣ್ಣ ಬದಲಾವಣೆ ಅಲ್ಲ ಇದು.

ಮಾಮೂಲಿ ಕೀಮೋ ಈ ಕಾಯಿಲೆಗೆ ಅಷ್ಟಾಗಿ ನಾಟುವುದಿಲ್ಲ. 2025ರ ಕೇಂದ್ರ ಬಜೆಟ್‌ನಲ್ಲಿ ಮೂರು ವರ್ಷದೊಳಗೆ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕ್ಯಾನ್ಸರ್ ಕೇಂದ್ರ ತೆರೆಯುತ್ತೇವೆ ಎಂದರು. ಒಳ್ಳೆಯದೇ. ಆದರೆ ಅಲ್ಲಿ ಕೀಮೋ ಮಾತ್ರ ಇದ್ದರೆ ಕಿಡ್ನಿ ಕ್ಯಾನ್ಸರ್‌ನವರಿಗೆ ಹೆಚ್ಚು ಉಪಯೋಗವಿಲ್ಲ. ಇಮ್ಯುನೊಥೆರಪಿ ಇಂಜೆಕ್ಷನ್ ಅಲ್ಲೇ ಹಾಕುವಂತಾದರೆ ಮೂರು ವಾರಕ್ಕೊಮ್ಮೆ ರಾತ್ರಿ ಬಸ್ ಹತ್ತುವುದು ತಪ್ಪುತ್ತದೆ. ಜಿಲ್ಲೆಯ ಜನ ಕೇಳಬೇಕಾದ್ದು ಇದನ್ನೇ ಎಂದು ನನ್ನ ಅಭಿಪ್ರಾಯ.

ನಾಲ್ಕನೇ ಹಂತದವರ ಮನೆಯವರು ಸಾಮಾನ್ಯವಾಗಿ ಕೇಳುವುದು, "ಆ ಕಿಡ್ನಿನ ಯಾಕೆ ತೆಗೀತಿಲ್ಲ?" ಎಂದು. ಡಾಕ್ಟರು ಕೈಬಿಟ್ಟರು ಎಂದುಕೊಳ್ಳುತ್ತಾರೆ. 2018ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದಲ್ಲಿ 450 ರೋಗಿಗಳಿದ್ದರು. ನಡುವಿನ ಮತ್ತು ಕಷ್ಟದ ಗುಂಪಿನವರಲ್ಲಿ ಮೊದಲು ಕಿಡ್ನಿ ತೆಗೆದು ಆಮೇಲೆ ಮಾತ್ರೆ ಕೊಟ್ಟದ್ದಕ್ಕಿಂತ, ನೇರ ಮಾತ್ರೆ ಕೊಟ್ಟದ್ದು ಏನೂ ಕಮ್ಮಿ ಆಗಲಿಲ್ಲ. ಹಾಗಾಗಿ ಕೆಲವರಿಗೆ ಔಷಧಿಯೇ ಮೊದಲು.

ಚಿಕ್ಕಪ್ಪನ ವಿಷಯದಲ್ಲಿ ಇನ್ನೊಂದು ನಿರ್ಧಾರ ಬಂತು. ಆಪರೇಷನ್ ಆದ ಮೇಲೆ ಮರಳಿ ಬರದಿರಲಿ ಎಂದು ಒಂದು ವರ್ಷ ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೊಥೆರಪಿ ಇಂಜೆಕ್ಷನ್ ಹಾಕಿಸಬಹುದು. ಅವರದು ಮೂರನೇ ಹಂತವಾದ್ದರಿಂದ ಅರ್ಹರು. 2024ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ನಾಲ್ಕು ವರ್ಷದ ಹೊತ್ತಿಗೆ ಇಂಜೆಕ್ಷನ್ ತೆಗೆದುಕೊಂಡವರಲ್ಲಿ ನೂರಕ್ಕೆ 91 ಜನ ಬದುಕಿದ್ದರು, ತೆಗೆದುಕೊಳ್ಳದವರಲ್ಲಿ 86. ಅಂದರೆ ನೂರರಲ್ಲಿ ಐದು ಜನ ಹೆಚ್ಚು. ಡಾಕ್ಟರು ಒಂದು ಹಾಳೆಯ ಹಿಂದೆ ಇದನ್ನು ಬರೆದು ತೋರಿಸಿದರು. ಇನ್ನೊಂದು ಪಕ್ಕದಲ್ಲಿ ಒಟ್ಟು ಖರ್ಚು ಬರೆದರು. ಚಿಕ್ಕಪ್ಪ ಹಾಳೆಯನ್ನು ತುಂಬಾ ಹೊತ್ತು ನೋಡಿ, "ಐದು ಜನದಲ್ಲಿ ನಾನಿದ್ರೆ?" ಎಂದರು. ಯಾರೂ ಮಾತಾಡಲಿಲ್ಲ. ತೋಟ ಮಾರದೆ ಅದು ಆಗುತ್ತಿರಲಿಲ್ಲ. ಮಾರುವುದು ಬೇಡ ಎಂದು ಕೊನೆಗೆ ಅವರೇ ಹೇಳಿದರು. ಆಯಸ್ಸಿನ ಲೆಕ್ಕದಲ್ಲಿ ದುಡ್ಡೂ ಒಂದು ಅಂಶ. ಇದನ್ನು ಬರೆಯಲು ಹೊಟ್ಟೆ ಉರಿಯುತ್ತದೆ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30 ಪರ್ಸೆಂಟ್, 1.5 ಲಕ್ಷದವರೆಗೆ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಮೊದಲೇ ಮಾಡಿಸಿಕೊಂಡು ಹೋಗಿ. ಆಪರೇಷನ್‌ಗೆ ಇದು ದೊಡ್ಡ ಆಸರೆ. ವರ್ಷಾನುಗಟ್ಟಲೆ ನಡೆಯುವ ಔಷಧಿ ಖರ್ಚಿಗೆ ಬೇಗ ತೀರಿಹೋಗುತ್ತದೆ. ಮಾತ್ರೆಗಳಲ್ಲಿ ಜನರಿಕ್ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ.

ಮಾತ್ರೆ ನಡುವೆ ಬಿಡುವವರೂ ಇದ್ದಾರೆ. ಕಾರಣ ಯಾವಾಗಲೂ ದುಡ್ಡೇ ಅಲ್ಲ. ಸುನಿಟಿನಿಬ್‌ನಂಥ ಈ ಮಾತ್ರೆಗಳಿಂದ ಅಂಗೈ ಅಂಗಾಲು ಕೆಂಪಾಗಿ ಸುಲಿಯುತ್ತವೆ. ಕಾಫಿ ಹಣ್ಣು ಬಿಡಿಸುವ ಬೆರಳಿಗೆ ಅದು ಎಷ್ಟು ಕಷ್ಟ ಎಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ ಅಲ್ವಾ. ಬಿಪಿಯೂ ಏರುತ್ತದೆ. ಸುಮ್ನೆ ಬಿಡುವ ಬದಲು ಫೋನ್ ಮಾಡಿ ಹೇಳಿದರೆ ಡಾಕ್ಟರು ಡೋಸ್ ಇಳಿಸುತ್ತಾರೆ, ಕೆಲವು ದಿನ ಬಿಡುವು ಕೊಡುತ್ತಾರೆ. ಕಡಿಮೆ ಡೋಸ್‌ನಲ್ಲಿ ಮುಂದುವರಿಸುವುದು ಪೂರ್ತಿ ಬಿಟ್ಟುಬಿಡುವುದಕ್ಕಿಂತ ಎಷ್ಟೋ ಮೇಲು.

ಕೊನೆಗೆ ತಪಾಸಣೆ. ಕಿಡ್ನಿ ಕ್ಯಾನ್ಸರ್ ಮರಳಿ ಬಂದರೆ ಹೆಚ್ಚಾಗಿ ಮೊದಲ ಎರಡು ಮೂರು ವರ್ಷದಲ್ಲಿ ಬರುತ್ತದೆ, ಹೆಚ್ಚಾಗಿ ಶ್ವಾಸಕೋಶಕ್ಕೆ. ಆದರೆ ಹತ್ತು ವರ್ಷ ಬಿಟ್ಟು ಬಂದ ಉದಾಹರಣೆಗಳೂ ಇವೆ. ಒಂದೋ ಎರಡೋ ಚುಕ್ಕೆ ಇರುವಾಗಲೇ ಸಿಕ್ಕರೆ ಅದನ್ನೂ ತೆಗೆಯಬಹುದು, ರೇಡಿಯೇಷನ್‌ನಲ್ಲಿ ಸುಡಬಹುದು. ತಡವಾದರೆ ಆ ದಾರಿ ಮುಚ್ಚುತ್ತದೆ. ನಮ್ಮ ಕಡೆ ತಪಾಸಣೆ ತಪ್ಪುವುದು ಎರಡು ಕಾಲದಲ್ಲಿ. ಮಳೆಗಾಲದಲ್ಲಿ ಚಾರ್ಮಾಡಿ, ಶಿರಾಡಿ ಘಾಟಿ ಕುಸಿದು ಮಂಗಳೂರಿನ ದಾರಿ ಕಟ್ಟಾದಾಗ ಒಂದು. ಕೊಯ್ಲಿನಲ್ಲಿ ಇನ್ನೊಂದು. ಎದೆ ಹೊಟ್ಟೆಯ ಸಿಟಿ ಎಷ್ಟೋ ಸಲ ಹಾಸನದಲ್ಲೇ ಮಾಡಿಸಿ ಸಿಡಿ ಕಳಿಸಬಹುದು. ಇದನ್ನು ನಿಮ್ಮ ಡಾಕ್ಟರ ಹತ್ತಿರ ಕೇಳಿ ನೋಡಿ. ನಮಗೆ ಇದು ಒಂದು ವರ್ಷ ಗೊತ್ತೇ ಇರಲಿಲ್ಲ.

ಚಿಕ್ಕಪ್ಪನ ಮುಂದಿನ ಸಿಟಿ ಜನವರಿ ಮೂರನೇ ವಾರ. ರೊಬಸ್ಟಾ ಹಣ್ಣಾಗುವ ಹೊತ್ತು. ಹೋದ ಸಲ ಇದೇ ಕಾರಣಕ್ಕೆ ಎರಡು ತಿಂಗಳು ಮುಂದಕ್ಕೆ ಹೋಗಿತ್ತು. ಈ ಸಲ ಚಿಕ್ಕಮ್ಮ ಕ್ಯಾಲೆಂಡರ್‌ನಲ್ಲಿ ಆ ಎರಡು ದಿನಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದಾರೆ. ಆ ದಿನ ಬಿಟ್ಟೇ ಆಳು ಕರೆತರಲು ಮೇಸ್ತ್ರಿಗೆ ಈಗಲೇ ಹೇಳಿದ್ದೂ ಆಗಿದೆ.